ದೋಣಿಗೆ ಕಿವಿ ಅಂಟಿಸಿದ ಕಾಕಾ

ಮೊನ್ನೆ ಬಚ್ಚಲಿನ ಸಿಂಕಿನ ಅಂಚು ಸೋರುತ್ತಿದೆಯೆಂದು ಪ್ಲಂಬರ್ ಬಂದು ಸಿಲಿಕೋನ್ ಹಚ್ಚಿ ಹೋದ. ಅದರ ವಾಸನೆ ಮೂಸಿದವರಿಗೇ ಗೊತ್ತು. ವಿನೆಗರ್ ಬಾಟಲಿಯ ಮುಚ್ಚಳ ಮೂಗಿನ ಕೆಳಗೇ ತೆಗೆದಂಥ ಚೂಪು ಹುಳಿ. ನಾನು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಬಾಲ್ಕನಿಗೆ ಬಂದು ನಿಂತೆ. ಕಣ್ಣಲ್ಲಿ ನೀರು ಬಂದದ್ದು ಆ ಹುಳಿಗೆ ಎಂದು ಪ್ಲಂಬರ್ ತಿಳಿದಿರಬೇಕು, ತಿಳಿಯಲಿ. ನನಗೆ ಆ ವಾಸನೆಯೆಂದರೆ ನಮ್ಮ ಕೆಳಗಿನ ಮನೆಯ ಕಾಕಾ...

ಎಂಟು ವರ್ಷದ ಹಿಂದೆ ನಾನು ಗದಗಿನಿಂದ ನಾಗಪುರಕ್ಕೆ ಬಂದೆ. ಇಲ್ಲಿಯ ಒಂದು ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲಸ. ಮನೀಶ್ ನಗರದಲ್ಲಿ ಮನೆ ಹಿಡಿದು, ಸಾಮಾನು ಇಳಿಸುವ ಹಮಾಲರ ಮೇಲೆ ಕನ್ನಡದಲ್ಲೇ ಹರಿಹಾಯುತ್ತಿದ್ದೆ. ಸಿಟ್ಟು ಬಂದರೆ ನನಗೆ ಬೇರೆ ಭಾಷೆ ಬರುವುದಿಲ್ಲ. ಕೆಳಗಿನ ಮನೆಯ ಬಾಗಿಲು ತೆರೆದು ಎತ್ತರದ, ಸಪೂರ ಮನುಷ್ಯರೊಬ್ಬರು ಹೊರಬಂದು, “ನಮ್ಮ ಕಡೆಯಾಕಿ ಏನವಾ? ಒಳಗ ಬಾ, ಮೊದಲ ಚಾ ಕುಡಿ. ಬೈಯೂದು ಆಮ್ಯಾಲ ಬೈದರಾತು,” ಎಂದರು. ಅವತ್ತಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಮರಾಠಿಯವರೂ ಹಾಗೆಯೇ ಕರೆಯುವುದರಿಂದ ಇಡೀ ಕಟ್ಟಡಕ್ಕೆ ಅವರು ಕಾಕಾ ಆಗಿದ್ದರು.

ಕಾಕಾ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹುಬ್ಬಳ್ಳಿ ಹತ್ತಿರದ ಹಳ್ಳಿಯ ಶುದ್ಧ ಸಸ್ಯಾಹಾರಿ ಮನೆತನ. ಕಾಕು ಕಾರವಾರದ ಕಡೆಯ ಮೀನುಗಾರರ ಮಗಳು. ಈ ಜೋಡಿ ಹೇಗೆ ಕೂಡಿತು ಎಂದು ಕೇಳಿದರೆ ಇಬ್ಬರೂ ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಮದುವೆಯಾದಾಗ ಅತ್ತೆ ಒಂದೇ ಒಂದು ಮಾತು ತೆಗೆದುಕೊಂಡಿದ್ದರಂತೆ, ಈ ಮನೆಯಲ್ಲಿ ಮೀನು ಬೇಯಬಾರದು. ಕಾಕು ಒಪ್ಪಿದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಆ ಮಾತನ್ನು ಮುರಿಯಲಿಲ್ಲ. ಮುರಿ ಎಂದು ಕಾಕಾ ಹೇಳಲೂ ಇಲ್ಲ. ಅದು ಅವರಿಗೆ ಹೊಳೆದೇ ಇರಲಿಲ್ಲವಂತೆ. “ಅಷ್ಟ ವರ್ಷ ಬದನಿಕಾಯಿ ಎಣಗಾಯಿ ಹೊಡಕೋತ ಕೂತೆ ನೋಡ ಮಗಳ,” ಎಂದು ಆಮೇಲೆ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ನಾನು ಬಂದ ಮರುವರ್ಷ ದೀಪಾವಳಿ ಮುಗಿಯುತ್ತಿದ್ದ ಹಾಗೆ ಕಾಕುವಿಗೆ ಹೊಟ್ಟೆಯ ನೋವು ಶುರುವಾಯಿತು. ಯಕೃತ್ತಿನಲ್ಲಿ ಗಡ್ಡೆ. ದೊಡ್ಡ ಆಸ್ಪತ್ರೆಯ ಡಾಕ್ಟರು ಎಲ್ಲ ಕಾಗದ ನೋಡಿ, ಕನ್ನಡಕ ತೆಗೆದಿಟ್ಟು, ಅವರಿಗೆ ಏನು ತಿನ್ನಬೇಕೆನಿಸುತ್ತದೋ ಅದನ್ನು ಕೊಡಿ ಎಂದರು. ಆ ಮಾತಿನ ಅರ್ಥ ಕಾಕಾನಿಗೂ ಆಯಿತು, ಪಕ್ಕದಲ್ಲಿ ಕುಳಿತ ನನಗೂ ಆಯಿತು. ಮನೆಗೆ ಬಂದು ಕಾಕಾ ಹೆಂಡತಿಯನ್ನು ಕೇಳಿದರು. ಕಾಕು ಏನೂ ಬೇಡವೆಂದರು. ಮೂರನೆಯ ಸಲ ಕೇಳಿದಾಗ ಗೋಡೆಯ ಕಡೆ ತಿರುಗಿ, “ಮೀನ ಸಾರು,” ಎಂದರು.

ಕಾಕಾ ಅವತ್ತೇ ಪೇಟೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಮೀನು ಕೊಂಡು, ಎರಡು ಚೀಲದೊಳಗೆ ಸುತ್ತಿ, ಕೈಯನ್ನು ಮೈಯಿಂದ ದೂರ ಚಾಚಿಕೊಂಡು ತಂದರು. ಕಾಕು ಅದರ ಕಿವಿರು ಎತ್ತಿ ನೋಡಿದರು, ಮೂಸಿದರು, ಗಂಡನಿಗೆ ನೋವಾಗದ ಹಾಗೆ ಮೆಲ್ಲಗೆ ಕೆಳಗಿಟ್ಟರು. “ಐಸಿನ್ಯಾಗಿಂದು ರೀ. ನಾಕ ದಿನ ಆಗೇತಿ. ಕಣ್ಣ ನೋಡ್ರಿ, ಹೆಂಗ ಬಿಳಿಚೇತಿ.” ಬೇರೆ ಬೇರೆ ಅಂಗಡಿಗಳಿಂದ ಇನ್ನೂ ಎರಡು ಸಲ ತಂದರು. ಎರಡು ಸಲವೂ ಅದೇ ಮಾತು. ನೀರಿನಿಂದ ಎದ್ದು ಬಂದ ಮೀನನ್ನೇ ತಿಂದು ಬೆಳೆದ ಹೆಂಗಸು, ಇಷ್ಟು ವರ್ಷ ಬಿಟ್ಟಿದ್ದು ಈಗ ಕೆಟ್ಟದ್ದು ತಿಂದಾಳೆಯೇ?

ಹಾಗೆ ಕಾಕಾ ಮೀನು ಹಿಡಿಯಲು ಹೊರಟರು. ಊರಿಂದ ಒಂದು ತಾಸಿನ ದಾರಿಯ ಜಲಾಶಯದ ಬಳಿ ಮುಚ್ಚಿಹೋದ ಸಾಹಸ ಶಿಬಿರವೊಂದರ ಹಳೆಯ ಕಯಾಕ್ ಸಿಕ್ಕಿತು. ಕಿತ್ತಳೆ ಬಣ್ಣದ್ದು, ಒಬ್ಬರೇ ಮೇಲೆ ಕುಳಿತು ಹುಟ್ಟು ಹಾಕುವಂಥ ಪ್ಲಾಸ್ಟಿಕ್ ದೋಣಿ. ಅಲ್ಲಿಯ ಮೀನುಗಾರರ ಸೊಸೈಟಿಯಿಂದ ಗಾಳ ಹಾಕಲು ಪಾಸು ಮಾಡಿಸಿದರು. ಕಾಕಾ ಹಳ್ಳಿಯ ಬಾವಿಯಲ್ಲಿ ಈಜು ಕಲಿತವರು, ನೀರಿಗೆ ಅಂಜುವವರಲ್ಲ. ಎರೆಹುಳು ಚುಚ್ಚಲು ಮನಸ್ಸಾಗದೆ ಕಡಲೆಹಿಟ್ಟು, ಬೆಲ್ಲ, ಇಂಗು ಕಲಸಿ ಉಂಡೆ ಮಾಡಿಕೊಂಡರು. “ಮೀನಕ್ಕ ಇಂಗಿನ ಒಗ್ಗರಣಿ ಹಾಕ್ಕೋತ ಹೊಂಟಾರ ನೋಡ,” ಎಂದು ಕಾಕು ನನ್ನ ಮುಂದೆ ಬಿದ್ದು ಬಿದ್ದು ನಕ್ಕರು. ಬೇನೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಎರಡು ರವಿವಾರ ಹೋಗಿ ಬಂದರು. ಒಂದು ಮೀನೂ ಸಿಗಲಿಲ್ಲ. ಆಗ ಮೇಲಿನ ಮನೆಗೆ ಬಂದು ನನ್ನೆದುರು ಕುಳಿತರು. ನೀರೊಳಗೆ ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರ ಇದೆಯಂತಲ್ಲ, ಅದನ್ನು ಆರಿಸಿ ಕೊಡು, ಕೂಡಿಸಿ ಕೊಡು ಎಂದರು. ಸಿಗ್ನಲ್‌ನವರಲ್ಲವೇ, ಕಣ್ಣಿಗೆ ಕಾಣದ್ದನ್ನು ದೀಪ ನೋಡಿ ನಂಬುವುದೇ ಅವರ ಜೀವನವಾಗಿತ್ತು. ನನಗೋ, ಒಂದು ಹೊಸ ಯಂತ್ರ ಎಂದರೆ ಸಾಕು, ಊಟ ಬೇಡ, ನಿದ್ದೆ ಬೇಡ.

ಅವರ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಸಂಜೆ ಫಿಶ್‌ಫೈಂಡರ್‌ಗಳ ವಿಚಾರಣೆ ನಡೆಯಿತು. ದಾರ ಕಟ್ಟಿ ನೀರಿಗೆ ಎಸೆದು ಮೊಬೈಲಿನಲ್ಲಿ ನೋಡುವ ಚೆಂಡಿನಂಥದ್ದೊಂದು ಇತ್ತು, ಅಗ್ಗದ್ದು. ಆದರೆ ಒದ್ದೆ ಕೈಯಲ್ಲಿ, ನಾಗಪುರದ ಬಿಸಿಲಲ್ಲಿ ಮೊಬೈಲಿನ ಪರದೆ ಕಾಣುವುದಿಲ್ಲವೆಂದು ಅದನ್ನು ಬಿಟ್ಟೆವು. ದೋಣಿಯ ಎಡಬಲವನ್ನೂ ಚಿತ್ರ ಬಿಡಿಸಿ ತೋರಿಸುವ ದೊಡ್ಡದು ಸಮುದ್ರಕ್ಕೆ ಹೋಗುವವರಿಗೆ. ಕೊನೆಗೆ ಅಂಗೈಯಷ್ಟಗಲದ ಪರದೆಯ ಸಾದಾ ಯಂತ್ರವೊಂದನ್ನು ಆರಿಸಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದ ಕಾಕಾನಿಗೆ ಆಳದ ಅಂಕಿ ದಪ್ಪಗೆ ಕಾಣಬೇಕಿತ್ತು. ಒಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತ ಕಾಕು ಎಲ್ಲ ಕೇಳಿಸಿಕೊಂಡು, “ನಮ್ಮಪ್ಪ ನೀರಿನ ಬಣ್ಣ ನೋಡಿ ಹೇಳತಿದ್ದ. ಅಲ್ಲಿ ದಂಡಿ ಮ್ಯಾಲ ಜಾಲಗಾರರು ಇರತಾರಲ್ಲ, ಅವರನ್ನ ಕೇಳ್ರಿ,” ಎಂದರು. ನಾವು ಹೂಂ ಎಂದೆವು. ಕೇಳಲಿಲ್ಲ.

ಯಂತ್ರ ಬಂತು. ಪರದೆಯನ್ನು ಕುಳಿತವರ ಮೊಣಕಾಲಿನ ಮುಂದೆ ಒಂದು ಹಿಡಿಕೆಗೆ ಬಿಗಿದೆವು. ಬ್ಯಾಟರಿಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಸೀಟಿನ ಹಿಂದೆ ಕಟ್ಟಿದೆವು. ತಕರಾರು ಬಂದದ್ದು ಅದರ ಇನ್ನೊಂದು ಭಾಗಕ್ಕೆ. ನೀರಿನೊಳಕ್ಕೆ ಶಬ್ದ ಕಳಿಸಿ, ತಳಕ್ಕೆ, ಮೀನಿಗೆ ಬಡಿದು ಮರಳಿ ಬಂದದ್ದನ್ನು ಕೇಳಿಸಿಕೊಳ್ಳುವ ಕರಿಯ ಬಿಲ್ಲೆ. ಕಾಕಾ ಅದಕ್ಕೆ ಕಿವಿ ಎಂದು ಹೆಸರಿಟ್ಟರು. ಅದನ್ನು ದೋಣಿಯ ಪಕ್ಕಕ್ಕೆ ಕೋಲು ಕಟ್ಟಿ ಇಳಿಬಿಟ್ಟರೆ ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ತಳದಲ್ಲಿ ತೂತು ಕೊರೆಯಲು ಕಾಕಾ ಸುತರಾಂ ಒಪ್ಪಲಿಲ್ಲ. ಉಳಿದದ್ದು ಮೂರನೆಯ ದಾರಿ, ದೋಣಿಯ ಟೊಳ್ಳಿನೊಳಗೆ ತಳಕ್ಕೇ ಕಿವಿಯನ್ನು ಸಿಲಿಕೋನಿನಿಂದ ಅಂಟಿಸುವುದು. ತೆಳು ಪ್ಲಾಸ್ಟಿಕ್ಕನ್ನು ದಾಟಿ ಶಬ್ದ ಹೋಗುತ್ತದೆ. ನಡುವೆ ಗಾಳಿಯ ಗುಳ್ಳೆ ಉಳಿದರೆ ಮಾತ್ರ ಹೋಗುವುದಿಲ್ಲ.

ಗುಳ್ಳೆ ಉಳಿಯಿತು. ಮೊದಲ ರವಿವಾರ ಪರದೆಯ ಮೇಲೆ ಮಂಜು ಸುರಿದ ಹಾಗೆ ಚುಕ್ಕಿಗಳು ಬಿಟ್ಟರೆ ಏನೂ ಇಲ್ಲ. ಕಿತ್ತು ಮತ್ತೆ ಅಂಟಿಸಿದೆವು. ಮುಂದಿನ ವಾರ ಕಾಕಾ ನೀರಿನ ನಡುವಿನಿಂದಲೇ ಕೂಗಿದರು, “ಮೀನ! ಮೀನ! ಜಾತ್ರಿ ನೆರದಂಗ ನೆರದಾವು!” ಪರದೆಯ ತುಂಬ ಪುಟ್ಟ ಪುಟ್ಟ ಮೀನಿನ ಚಿತ್ರಗಳು. ನಾಲ್ಕು ತಾಸು ಗಾಳ ಹಾಕಿದರೂ ಒಂದೂ ಕಚ್ಚಲಿಲ್ಲ. ಆ ಯಂತ್ರ ಜೊಂಡಿಗೂ ಮೀನಿನ ಚಿತ್ರ ಬರೆಯುತ್ತದೆ, ನೀರಿನ ಗುಳ್ಳೆಗೂ ಬರೆಯುತ್ತದೆ. ನಾನು ಆ ಚಿತ್ರಗಳನ್ನು ತೆಗೆದು, ಮೀನು ಬಿಲ್ಲಿನಂಥ ಗೆರೆಯಾಗಿ ಕಾಣುವ ಹಾಗೆ ಮಾಡಿದೆ. ಕಾಕಾ ಬರಿದಾದ ಪರದೆ ನೋಡಿ, “ಎಲ್ಲಿ ಹೋದುವು ಮಗಳ?” ಎಂದು ಕೇಳಿದರು. ಅವು ಇರಲೇ ಇಲ್ಲ ಕಾಕಾ ಎಂದೆ.

ಇತ್ತ ಮನೆಯಲ್ಲಿ ಕಾಕು ಪ್ರತಿ ರವಿವಾರ ಬೆಳಿಗ್ಗೆ ತೆಂಗಿನಕಾಯಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆಹಣ್ಣು ಹಾಕಿ ಮಸಾಲೆ ಅರೆದು ಇಡುತ್ತಿದ್ದರು. ನಾವು ಬಂದ ಸದ್ದಾದರೆ ಸಾಕು, ಒಳಗಿನಿಂದಲೇ, “ಸಿಕ್ಕಿತೇನ್ರಿ?” ಸಿಕ್ಕಿರುತ್ತಿರಲಿಲ್ಲ. ಆ ಮಸಾಲೆಗೆ ಆಲೂಗಡ್ಡೆ ಹಾಕಿ ಸಾರು ಮಾಡಿ ಮೂವರೂ ಉಣ್ಣುತ್ತಿದ್ದೆವು. “ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ. ಇವರದು ಮಷೀನ ಡೊಂಕ,” ಎಂದು ಕಾಕು ಛೇಡಿಸುತ್ತಿದ್ದರು. ವಾರದಿಂದ ವಾರಕ್ಕೆ ಅವರ ತಟ್ಟೆಯಲ್ಲಿ ಅನ್ನ ಕಡಿಮೆಯಾಗುತ್ತ ಬಂತು... ಕಾಕಾ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

ಮೂರನೆಯ ಸಲ ಅಂಟಿಸಿದ್ದು ದೋಣಿಯನ್ನು ನನ್ನ ಕಾರಿನ ಮೇಲೆ ಹೇರಿ ಒಯ್ಯುವಾಗ ದಾರಿಯ ಕುಲುಕಾಟಕ್ಕೆ ಕಿತ್ತುಬಂತು. ಆ ಜಾತಿಯ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಸರಿಯಾಗಿ ಕಚ್ಚುವುದಿಲ್ಲ. ಕಲಿಸುವವಳಾದ ನನಗೆ ಅದು ಮೊದಲೇ ಗೊತ್ತಿರಬೇಕಿತ್ತು. ಕಾಕಾ ದಂಡೆಯಲ್ಲಿ ಪರದೆ ನೋಡಿದವರೇ, “ಟೆಸ್ಟ್ ಆಗದ ಸಿಗ್ನಲ್ ಕೆಳಗ ಗಾಡಿ ಬಿಡಂಗಿಲ್ಲ,” ಎಂದು ಗಾಳವನ್ನು ಬಿಚ್ಚಲೇ ಇಲ್ಲ. ಅದು ಅವರ ಕೆಲಸದ ಧರ್ಮ. ಯಂತ್ರ ಮೂರು ಸಲ ಸರಿಯಾಗಿ ತೋರಿಸದೆ ಮುಂದಿನ ಹೆಜ್ಜೆ ಇಲ್ಲ. ನನ್ನದೂ ಅದೇ ಧರ್ಮ. ಜಗತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೆಟ್ಟ ಯಂತ್ರವನ್ನು ಕಿತ್ತೆಸೆದು ಸುಮ್ಮನೆ ಗಾಳ ಹಾಕುತ್ತಿದ್ದರು.

ಅವತ್ತು ಬೆಳಿಗ್ಗೆ ಬಲೆ ಎಳೆದು ದಂಡೆಗೆ ಬಂದ ಒಬ್ಬ ಮೀನುಗಾರ ನಮ್ಮ ಹತ್ತಿರ ನಿಂತ. ವಾರವಾರ ನಮ್ಮ ಸರ್ಕಸ್ಸು ನೋಡಿದ್ದ. ಯಾತಕ್ಕೆ ಇಷ್ಟು ಒದ್ದಾಡುತ್ತೀರಿ ಎಂದು ಕೇಳಿದ. ಕಾಕಾ ತಮ್ಮ ಮರಾಠಿಯಲ್ಲಿ ಹೆಂಡತಿಯ ಸಂಗತಿಯನ್ನೆಲ್ಲ ಹೇಳಿದರು. ಅವನು ಬುಟ್ಟಿಗೆ ಕೈ ಹಾಕಿ ಒಂದು ರೋಹು ಮೀನನ್ನು ಎತ್ತಿ ಹಿಡಿದ. ಬಾಲ ಪಟಪಟ ಬಡಿಯುತ್ತಿತ್ತು. “ಘ್ಯಾ ಕಾಕಾ, ಜಿವಂತ ಆಹೆ,” ಎಂದ. ತಗೊಳ್ಳಿ, ಜೀವ ಇದೆ.

ಕಾಕಾ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಇಷ್ಟು: “ಬ್ಯಾಡ ಕಾಕಾ. ಇಷ್ಟೆಲ್ಲಾ ಮಾಡೀವಿ. ಮುಂದಿನ ರವಿವಾರ ಮಷೀನ ಬರೋಬರ್ ಆಗತೈತಿ. ನೀವ ಹಿಡೀರಿ. ಕಾಕುಗ ನೀವ ಹಿಡದದ್ದು ಕೊಡೂಣು.”

ಕಾಕಾ, “ಖರೇ ಐತಿ,” ಎಂದರು. ಮೀನುಗಾರ ಹೆಗಲು ಕುಣಿಸಿ ಹೋದ.

ಮೀನು ತಿನ್ನುವವರಾಗಿದ್ದರೆ ನಾವು ಆ ಮೀನನ್ನು ಕಂಡ ಕೂಡಲೇ ಕೈ ಚಾಚುತ್ತಿದ್ದೆವು. ನಾವಿಬ್ಬರೂ ತಿಂದವರಲ್ಲ. ಎರಡು ತಿಂಗಳಿಂದ ನಮಗೆ ಮೀನೆಂದರೆ ಪರದೆಯ ಮೇಲೆ ಬರಬೇಕಾದ ಒಂದು ಗೆರೆಯಾಗಿಬಿಟ್ಟಿತ್ತು. ಕಾಕಾನನ್ನು ಯಾಕೆ ಎಳೆಯಲಿ, ನನ್ನ ಮಾತನ್ನಷ್ಟೇ ಹೇಳುತ್ತೇನೆ. ಆ ಹೊತ್ತಿಗೆ ನನಗೆ ಮೀನು ಬೇಕಾಗಿದ್ದದ್ದು ಕಾಕುವಿನ ಬಾಯಿಗಲ್ಲ, ನನ್ನ ಜೋಡಣೆ ಸರಿಯೆಂದು ತೋರಿಸಲು. ಸುಡಲಿ ನನ್ನ ಜಾಣತನ.

ಮನೆಗೆ ಬಂದಾಗ ಕಾಕು ಮಸಾಲೆ ಅರೆದಿಟ್ಟಿದ್ದರು. ಮಿಕ್ಸರಿನ ಜಾಡಿ ಎತ್ತಲಾರದೆ ಎರಡು ಸಲ ಕುಳಿತು ಎದ್ದು ಅರೆದರಂತೆ. ಸಿಕ್ಕಿತೇನ್ರಿ ಎಂದು ಅವತ್ತೂ ಕೇಳಿದರು. ಕಾಕಾ ಇಲ್ಲ ಎಂದರು. “ಇರಲಿ ಬಿಡ್ರಿ, ಮುಂದಿನ ವಾರ,” ಎಂದು ಕಾಕು ಆಲೂಗಡ್ಡೆ ಹೆಚ್ಚಲು ನನ್ನ ಕೈಗೆ ಕೊಟ್ಟರು.

ಆ ವಾರ ನಾನು ರಜೆ ಹಾಕಿದೆ. ಹಳೆಯ ಪೇಟೆ ಮಹಾಲಿನ ಗಲ್ಲಿಗಳಲ್ಲಿ ಅಲೆದು ಒರಟು ಪಾಲಿಶ್ ಕಾಗದ, ಫೋಮಿನ ಹಾಳೆ ತಂದೆ. ಕೆಳಗೆ ಪಾರ್ಕಿಂಗಿನಲ್ಲಿ ದೋಣಿಯ ತಳವನ್ನು ಒಳಗಿನಿಂದ ಉಜ್ಜಿ ಒರಟು ಮಾಡಿ, ಫೋಮಿನಿಂದ ಸುತ್ತ ಕಟ್ಟೆ ಕಟ್ಟಿ, ಸಿಲಿಕೋನ್ ತುಂಬಿ, ಕಿವಿಯನ್ನು ತಿರುವುತ್ತ ತಿರುವುತ್ತ ಒತ್ತಿದೆ. ಕಾಕಾ ಟಾರ್ಚು ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಇಡೀ ಪಾರ್ಕಿಂಗು ಆ ಹುಳಿ ವಾಸನೆ. ಒಂದು ಗುಳ್ಳೆಯೂ ಇರಲಿಲ್ಲ. ಅದೇ ವಾರ ಬುಧವಾರ ಕಾಕುವಿಗೆ ವಾಂತಿ ಶುರುವಾಗಿ ಆಸ್ಪತ್ರೆಗೆ ಸೇರಿಸಿ, ಶುಕ್ರವಾರ ಮನೆಗೆ ಕರೆತಂದೆವು. ಆಮೇಲೆ ಅವರು ನೀರು ಬಿಟ್ಟು ಏನೂ ನುಂಗಲಿಲ್ಲ.

ರವಿವಾರ ಹೋಗುವುದಿಲ್ಲವೆಂದು ಕಾಕಾ ಹಟ ಹಿಡಿದರು. ಕಾಕುವೇ ಕಳಿಸಿದರು. ನರ್ಸಮ್ಮನನ್ನು ಕೂರಿಸಿ, ಜಲ್ದಿ ಹೋಗಿ ಜಲ್ದಿ ಬರುವುದೆಂದು ಹೊರಟೆವು. ಯಂತ್ರ ಅವತ್ತು ನೀರಿನ ತಳವನ್ನು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ತೋರಿಸಿತು. ಹದಿನೈದು ಅಡಿ ನೀರು, ಹನ್ನೊಂದರಲ್ಲಿ ಒಂದು ದಪ್ಪ ಗೆರೆ. ಅರ್ಧ ತಾಸಿನೊಳಗೆ ಕಾಕಾ ಜೀವಮಾನದ ಮೊದಲ ಮೀನು ಹಿಡಿದರು. ದಂಡೆಯಲ್ಲಿ ನಿಂತ ನನಗೆ ಅವರು ಕೂಗಿದ್ದು ಕೇಳಿಸಲಿಲ್ಲ, ಅವರು ಕೂಗಲೇ ಇಲ್ಲ. ಹುಟ್ಟು ಹಾಕಿಕೊಂಡು ಸೀದಾ ದಂಡೆಗೆ ಬಂದರು.

ಬಕೆಟ್ಟಿನಲ್ಲಿ ನೀರು ತುಂಬಿ, ಮೀನನ್ನು ಅದರಲ್ಲಿ ಬಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಕಾಕಾ ಅದನ್ನು ಎರಡೂ ಮೊಣಕಾಲಿನ ನಡುವೆ ಹಿಡಿದು ಕುಳಿತರು. ಜೀವಂತ ತಂದೆವು. ಮಂಚದ ಹತ್ತಿರ ಒಯ್ದು ಬಗ್ಗಿಸಿ ತೋರಿಸಿದರು. ಕಾಕು ಕತ್ತು ಹೊರಳಿಸಿ ನೋಡಿದರು. ಬೆರಳನ್ನು ನೀರಿಗೆ ಇಳಿಬಿಟ್ಟರು. “ಚಲೋ ಮೀನ. ಕಣ್ಣ ನೋಡ್ರಿ, ಹೆಂಗ ಹೊಳಿತೈತಿ.” ಆಮೇಲೆ ಬೆರಳು ತೆಗೆದು, “ಗಂಟಲದಾಗ ಇಳಿಯಂಗಿಲ್ಲ ರೀ. ಹ್ವಾದ ವಾರ ಆಗಿದ್ದರ...” ಎಂದರು. ಕಾಕಾ ಬಕೆಟ್ಟನ್ನೇ ನೋಡುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಮೀನು ಸಂಜೆಯ ಹೊತ್ತಿಗೆ ಬಕೆಟ್ಟಿನಲ್ಲೇ ಸತ್ತಿತು. ಕಾಕಾ ಅದನ್ನು ಕಾಂಪೌಂಡಿನ ಬೇವಿನ ಬುಡದಲ್ಲಿ ಹೂಳಿದರು. ಹತ್ತನೆಯ ದಿನ ಕಾಕು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ಯಾರೋ ದೇವರು ತಪ್ಪಿಸಿದ ಹಾಗೆ. ಇಲ್ಲಿ ತಪ್ಪಿಸಿದವಳು ನಾನು, ಹೆಸರು ವಿಳಾಸ ಇರುವವಳು.

ದಿನಕರ್ಮ ಮುಗಿದ ಮೇಲೆ ಕಾಕಾ ದೋಣಿಯನ್ನು ಯಂತ್ರದ ಸಮೇತ ಆ ಮೀನುಗಾರನಿಗೆ ಕೊಟ್ಟು ಬಂದರು. ಆಮೇಲೆ ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ತಮ್ಮನ ಹತ್ತಿರ ಹೋದರು. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದರು. ನನ್ನ ಕೆಲಸ, ಇಲ್ಲಿಯ ಬಿಸಿಲು, ಅಲ್ಲಿಯ ಮಳೆ. ದಂಡೆಯ ಆ ಬೆಳಗಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಧೈರ್ಯವಿರಲಿಲ್ಲ. ಅವರು ಮರೆತಿದ್ದಾರೆ ಎಂದು ನಂಬಿಕೊಂಡಿದ್ದೆ.

ಈ ವರ್ಷ ಯುಗಾದಿಗೆ ಮುಂಚೆ ಫೋನು ಬಂತು. ದನಿ ಬಹಳ ಸಣ್ಣಗಿತ್ತು. ಅದೂ ಇದೂ ಮಾತಾಡಿ, ಇಡುವ ಮುಂಚೆ, “ಮಗಳ, ಅವತ್ತ ನೀ ಬ್ಯಾಡ ಅನ್ನದಿದ್ದರೂ ನಾ ಆ ಮೀನ ತಗೋತಿದ್ದಿಲ್ಲ. ನಾನ ಹಿಡೀಬೇಕಂತ ನನ್ನ ಮನಸಿನ್ಯಾಗ ಇತ್ತು. ಅದನ್ನ ತಲ್ಯಾಗಿಂದ ತಗದ ಹಾಕು,” ಎಂದರು. ಅಂದರೆ ಇಷ್ಟು ವರ್ಷವೂ ಅದು ಅವರ ತಲೆಯಲ್ಲೂ ಇತ್ತು. “ಹೌದ್ರಿ ಕಾಕಾ,” ಎಂದೆ. ಎರಡು ವಾರಕ್ಕೆ ಅವರ ತಮ್ಮ ಫೋನು ಮಾಡಿ, ಕಾಕಾ ಹೋದರೆಂದು ತಿಳಿಸಿದರು.

ಮೇಲೆ ಆ ಬೆಳಗಿನ ಸಂಗತಿ ಬರೆಯುವಾಗ ಒಂದನ್ನು ನುಂಗಿಕೊಂಡಿದ್ದೇನೆ. ಕಾಕಾ ನನ್ನ ಮುಖ ನೋಡಿದರು ಎಂದಷ್ಟೇ ಬರೆದೆ. ಯಾವ ದಾಖಲೆಯಲ್ಲೂ ಒಂದು ಸುಳ್ಳು ಅಂಕಿ ಬರೆಯದ ಮನುಷ್ಯ, ಸಾಯುವ ಮುಂಚೆ ನನಗೋಸ್ಕರ ಒಂದು ಸುಳ್ಳು ಹೇಳಿ ಹೋದರು. ಅವರಿಗೆ ಹೇಳಲಾಗದ್ದನ್ನು ಈಗ ಇಲ್ಲಿ ಹೇಳುತ್ತೇನೆ. ನೀವು ತಗೊಳ್ಳುತ್ತಿದ್ದಿರಿ ಕಾಕಾ. ಅವನು ಮೀನು ಎತ್ತಿ ಹಿಡಿದಾಗಲೇ ನೀವು ಜೇಬಿನಿಂದ ಚೀಲ ತೆಗೆದು, ಕೊಡವಿ, ಬಾಯಿ ಬಿಚ್ಚಿ ಹಿಡಿದಿದ್ದಿರಿ.